ಕಾವೇರಿಯ ಪಾಲು ಮತ್ತು ಒಡೆತನದ ಪ್ರಶ್ನೆ

ಹರಿಯುವ ನದಿಗೆ ಒಡೆಯರುಂಟೇ? ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕಾಯುವವರಿಗೂ, ಆಡಿ ಹದಿನೆಂಟರಂದು ತಮಿಳುನಾಡಿನ ದಂಡೆಗಳಲ್ಲಿ ಹೊಳೆಗೆ ಪೂಜೆ ಸಲ್ಲಿಸುವವರಿಗೂ ಕಾವೇರಿ ತಾಯಿಯೇ. ತಾಯಿಯ ಮೇಲೆ ಮಕ್ಕಳಿಗೆ ಹಕ್ಕಿರಬಹುದು, ಒಡೆತನವಿಲ್ಲ.

ಆದರೂ ಈ ನೀರಿನ ಹಂಚಿಕೆಯ ವಿವಾದ ಹಳೆಯದು. 1892 ಮತ್ತು 1924ರ ಒಪ್ಪಂದಗಳು ಮೈಸೂರು ಹಾಗೂ ಮದ್ರಾಸಿನ ನಡುವಿನವು. 1990ರಲ್ಲಿ ಈ ವಿವಾದ ಬಗೆಹರಿಸಲು ನ್ಯಾಯಮಂಡಳಿ ರಚನೆಯಾಯಿತು. 2007ರಲ್ಲಿ ಅದರ ಅಂತಿಮ ತೀರ್ಪು ಬಂತು. 2018ರಲ್ಲಿ ಸುಪ್ರೀಂ ಕೋರ್ಟ್, ನದಿ ರಾಷ್ಟ್ರದ ಸಂಪತ್ತು, ಯಾವ ರಾಜ್ಯದ ಸ್ವತ್ತೂ ಅಲ್ಲ ಎಂದಿತು. ಒಟ್ಟು 740 ಟಿಎಂಸಿ (ಸಾವಿರ ಮಿಲಿಯನ್ ಘನ ಅಡಿ) ನೀರಿನಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ದೊರೆತವು. ಬೆಂಗಳೂರಿನ ಬಾಯಾರಿಕೆಗೆಂದು ಕರ್ನಾಟಕದ ಪಾಲಿಗೆ 4.75 ಟಿಎಂಸಿ ಸೇರಿತು. ಬೆಳೆಗಿಂತ ಕುಡಿಯುವ ನೀರು ಮೊದಲು ಎಂಬ ಈ ನಿಲುವು ಧರ್ಮಸಮ್ಮತವೂ ಹೌದು.

ಇನ್ನೂ ಆಳವಾದ ಅಂಶ, ಪರಿಸರಕ್ಕೆಂದು ಮೀಸಲಾದ 10 ಟಿಎಂಸಿ: ಕೇಳಲು ಬಾಯಿಲ್ಲದ ಮೀನು, ಮರ, ನದೀಮುಖಗಳೂ ಇಲ್ಲಿ ಪಾಲುದಾರರು. ಪ್ರಮಾಣ ಸಣ್ಣದೇ, ತತ್ತ್ವ ಸಣ್ಣದಲ್ಲ.

ಮಳೆ ಕೈಕೊಟ್ಟ ವರ್ಷ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ತಗ್ಗಬೇಕು ಎಂಬುದು ನ್ಯಾಯಮಂಡಳಿಯ ಸೂತ್ರ. ಅದನ್ನು ಜಾರಿಗೆ ತರುವ ಹೊಣೆ 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ್ದು.