ಚುನಾವಣೆಯೂ ಪರಹಸ್ತವೂ

2025ನೆಯ ಇಸವಿಯ ಫೆಬ್ರವರಿ 16ರಂದು ಅಮೆರಿಕದ ಸರ್ಕಾರೀ ದಕ್ಷತಾ ವಿಭಾಗವೆಂಬ ನೂತನ ಸಂಸ್ಥೆಯು ತಾನು ರದ್ದುಪಡಿಸಿದ ವೆಚ್ಚಗಳ ಪಟ್ಟಿಯೊಂದನ್ನು ಲೋಕದ ಮುಂದಿಟ್ಟು, ಅದರಲ್ಲಿ ಭಾರತದ ಮತದಾನದ ಪ್ರಮಾಣವನ್ನು ಹೆಚ್ಚಿಸುವುದಕ್ಕಾಗಿ 2 ಕೋಟಿ 10 ಲಕ್ಷ ಡಾಲರುಗಳೆಂಬ ಒಂದು ಸಾಲನ್ನೂ ಸೇರಿಸಿತು. ಆ ದೇಶದ ಅಧ್ಯಕ್ಷ ಟ್ರಂಪರು ಕೆಲವೇ ದಿನಗಳಲ್ಲಿ, ಆ ಹಣ ಬೇರೊಬ್ಬರನ್ನು ಗೆಲ್ಲಿಸುವುದಕ್ಕಾಗಿ ಇದ್ದಿರಬೇಕೆಂಬ ತಮ್ಮ ಊಹೆಯನ್ನೂ ಅದಕ್ಕೆ ಜೋಡಿಸಿದರು. ಆ ಸಾಲಿನಲ್ಲಿ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ವಿವರವಿರಲಿಲ್ಲ. ಆದರೂ ದೆಹಲಿಯಿಂದ ಮೊದಲ್ಗೊಂಡು ಕೊಪ್ಪಳದ ಅಶೋಕ ವೃತ್ತದವರೆಗೆ, ಗಂಗಾವತಿಯ ಅಕ್ಕಿ ಗಿರಣಿಗಳ ಅಂಗಳದವರೆಗೆ ಎದ್ದ ಚರ್ಚೆಯೆಲ್ಲ ಒಂದೇ ಪ್ರಶ್ನೆಯನ್ನು ಹಿಡಿದು ನಡೆಯಿತು: ಕೊಟ್ಟವರ ಉದ್ದೇಶವೇನು? ಆಳುವ ಪಕ್ಷದವರಿಗೆ ಅದು ತಮ್ಮನ್ನು ಕೆಳಗಿಳಿಸುವ ಸಂಚಾಗಿ ಕಂಡಿತು. ವಿರೋಧ ಪಕ್ಷದವರು ಅಂಥ ಹಣ ಯಾವ ಯಾವ ಸರ್ಕಾರದ ಕಾಲದಲ್ಲಿ ಬಂದಿದೆಯೆಂಬುದರ ಶ್ವೇತಪತ್ರವನ್ನು ಕೇಳಿದರು. ಹಿಂದೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಎಸ್. ವೈ. ಖುರೇಷಿಯವರು ತಮ್ಮ ಅವಧಿಯ ಒಪ್ಪಂದದಲ್ಲಿ ಹಣದ ಮಾತೇ ಇರಲಿಲ್ಲವೆಂದು ಸ್ಪಷ್ಟಪಡಿಸಿದರು. ಬಳಿಕ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯು ಕಡತಗಳನ್ನು ಶೋಧಿಸಿ, ಆ ಮೊತ್ತವು 2022ರಲ್ಲಿ ಬಾಂಗ್ಲಾದೇಶಕ್ಕೆಂದು ಮಂಜೂರಾದದ್ದೆಂದು ಬರೆಯಿತು; ಮತದಾನವನ್ನು ಹೆಚ್ಚಿಸಲು ಭಾರತಕ್ಕೆ ಅಂಥ ಹಣವನ್ನು ಕೊಟ್ಟಿಲ್ಲವೆಂಬ ಅಮೆರಿಕದ ರಾಯಭಾರ ಕಚೇರಿಯ ಉತ್ತರವನ್ನು 2025ರಲ್ಲಿಯೇ ನಮ್ಮ ಸರ್ಕಾರವೇ ರಾಜ್ಯಸಭೆಯ ಮುಂದಿಟ್ಟಿತು. ಬಾರದ ಹಣದ ಉದ್ದೇಶವನ್ನು ಕುರಿತು ನಾವು ಆ ದಿನಗಳಲ್ಲಿ ಎಷ್ಟೊಂದು ವಿದ್ವತ್ತನ್ನು ವ್ಯಯಮಾಡಿದೆವು!

ಸುದ್ದಿ ಸುಳ್ಳಾಯಿತೆಂಬ ಮಾತ್ರಕ್ಕೆ ಈ ಪ್ರಶ್ನೆ ಮುಗಿಯತಕ್ಕದ್ದಲ್ಲ, ಏಕೆಂದರೆ ನಿಜವಾದ ಸುದ್ದಿಗಳೂ ಇವೆ. 1967ರ ಮಹಾಚುನಾವಣೆಯಲ್ಲಿ ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಪರದೇಶಗಳ ಹಣ ಸಂದಿತೆಂಬ ಆಪಾದನೆ ಎದ್ದು, ಗುಪ್ತಚರ ವಿಭಾಗವು ತನಿಖೆ ನಡೆಸಿತು. ಅದರ ಸಾರವು ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಲೋಕಸಭೆಯಲ್ಲಿ ಕೋಲಾಹಲವಾದರೂ, ಗೃಹಮಂತ್ರಿ ಯಶವಂತರಾವ್ ಚವಾಣರು ಪೂರ್ಣ ವರದಿಯನ್ನು ಪ್ರಕಟಿಸಲೊಲ್ಲದೆ ಹೋದರು. ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಮೊಯ್ನಿಹಾನರು 1978ರ ತಮ್ಮ ಗ್ರಂಥದಲ್ಲಿ, ಕೇರಳ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಕಮ್ಯುನಿಸ್ಟರನ್ನು ತಡೆಯುವುದಕ್ಕಾಗಿ ತಮ್ಮ ದೇಶವು ಎರಡು ಸಲ ಕಾಂಗ್ರೆಸ್ಸಿಗೆ ಹಣವನ್ನು ಕೊಟ್ಟಿತೆಂದು ಬರೆದರು. ಸೋವಿಯತ್ ಗುಪ್ತಚರ ಸಂಸ್ಥೆಯ ಪತ್ರಾಗಾರದಿಂದ ಮಿತ್ರೋಖಿನ್ ಎಂಬಾತನು ಹೊರತಂದ ಟಿಪ್ಪಣಿಗಳ ಆಧಾರದ ಮೇಲೆ 2005ರಲ್ಲಿ ಪ್ರಕಟವಾದ ಸಂಪುಟವು, ಅದೇ ಬಗೆಯ ಧಾರೆ ಮಾಸ್ಕೋದಿಂದಲೂ ಹರಿಯಿತೆಂದು ಹೇಳಿತು. ಒಂದು ಕಡೆಯವರ ಉದ್ದೇಶ ಪ್ರಜಾಪ್ರಭುತ್ವದ ರಕ್ಷಣೆ, ಮತ್ತೊಂದು ಕಡೆಯವರದು ಸಾಮ್ರಾಜ್ಯಶಾಹಿಯ ಪ್ರತಿರೋಧ. ಎರಡನ್ನೂ ಅವರವರು ಪ್ರಾಮಾಣಿಕವಾಗಿಯೇ ನಂಬಿದ್ದಿರಬಹುದು. ಆದರೆ ಕೊಟ್ಟ ಕ್ರಮ ಎರಡರಲ್ಲಿಯೂ ಒಂದೇ, ಮತ ಹಾಕಿದವನಿಗೆ ತಿಳಿಯದಂತೆ. ಉದ್ದೇಶವನ್ನು ಕುರಿತು ವಾದಿಸುವವರು ಈ ಸಮಾನಾಂಶವನ್ನು ಬದಿಗಿಟ್ಟು, ತಮ್ಮ ಮಿತ್ರರ ಹಣವನ್ನು ನೆರವೆಂದೂ ಶತ್ರುಗಳ ಹಣವನ್ನು ಕುತಂತ್ರವೆಂದೂ ಕರೆಯುವುದರಲ್ಲಿ ತೃಪ್ತಿಪಡುತ್ತಾರೆ. ಹಾಗಾಗಿ ಉದ್ದೇಶದ ವಿಚಾರಣೆಯು ಬಹುಮಟ್ಟಿಗೆ ವಿಚಾರಣೆ ನಡೆಸುವವನ ಪಕ್ಷವನ್ನೇ ಪ್ರಕಾಶಕ್ಕೆ ತರುತ್ತದೆ.

ಈ ಮಾತನ್ನು ನಮ್ಮ ಸೀಮೆಯ ಅನುಭವದಿಂದಲೇ ಪರೀಕ್ಷಿಸಬಹುದು. 1948ರವರೆಗೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳೆಲ್ಲ ನಿಜಾಮನ ರಾಜ್ಯಕ್ಕೆ ಸೇರಿದ್ದವು. ಕೊಪ್ಪಳವಂತೂ ಸಾಲಾರ್ ಜಂಗರ ಜಹಗೀರು. ಆಳವಂಡಿಯನ್ನು ದಾಟಿ ಪಶ್ಚಿಮಕ್ಕೆ ಕೆಲವು ಹರಿದಾರಿ ನಡೆದರೆ ಮುಂಡರಗಿ. ಅದು ಮುಂಬಯಿ ಪ್ರಾಂತ, ಅರ್ಥಾತ್ 1947ರ ಆಗಸ್ಟ್ 15ರ ಅನಂತರ ಸ್ವತಂತ್ರ ಭಾರತ. ತಾನು ಆ ಭಾರತಕ್ಕೆ ಸೇರದ ಪ್ರತ್ಯೇಕ ಪ್ರಭುವೆಂದು ಸಾಧಿಸುತ್ತಿದ್ದ ನಿಜಾಮನ ದೃಷ್ಟಿಯಲ್ಲಿ ಆ ಗೆರೆಯ ಆಚೆಯದೆಲ್ಲ ಪರದೇಶವೇ ಸರಿ. ಆ ಪರದೇಶದ ನೆಲದಲ್ಲಿ, ಮುಂಡರಗಿಯಲ್ಲಿ, ಆಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಶಿಬಿರವೊಂದು ಏರ್ಪಟ್ಟಿತು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಮತ್ತೊಂದನ್ನು ನಡೆಸಿದರು. ನಿಜಾಮನ ಬೆಂಬಲಿಗರಾದ ರಜಾಕಾರರ ಹಾವಳಿಗೆ ಬೇಸತ್ತ ತರುಣರು ಅಲ್ಲಿ ಸೇರಿ, ಗೆರೆಯನ್ನು ದಾಟಿ ಬಂದು, ಸರ್ಕಾರದ ಠಾಣೆಗಳ ಮೇಲೆ ಎರಗಿ, ಮತ್ತೆ ಆ ಕಡೆಗೆ ಮರೆಯಾಗುತ್ತಿದ್ದರು. ಹೈದರಾಬಾದಿನ ಮಂತ್ರಿಗಳು ಭಾರತದ ಒತ್ತಡದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಲಿಗೆ 1948ರ ಆಗಸ್ಟ್ 21ರಂದು ದೂರು ಕೊಟ್ಟಾಗ, ಕೇವಲ ಕಾನೂನಿನ ಅಕ್ಷರವನ್ನು ಹಿಡಿದು ನೋಡುವವನಿಗೆ ಅವರ ವಾದದಲ್ಲಿ ಸ್ವಲ್ಪ ಹುರುಳಿದ್ದಿತು: ನೆರೆಯ ರಾಷ್ಟ್ರವು ತನ್ನ ನೆಲದಲ್ಲಿ ಬಂಡುಕೋರರಿಗೆ ನೆಲೆ ಕೊಟ್ಟಿತ್ತು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತವು ನಡೆಸಿದ ಪೊಲೀಸ್ ಕಾರ್ಯಾಚರಣೆಯು ಆ ವಾದವನ್ನು ನಿರರ್ಥಕಗೊಳಿಸಿತೇ ಹೊರತು ಅದಕ್ಕೆ ಉತ್ತರವನ್ನು ಹೇಳಲಿಲ್ಲ.

ಉತ್ತರವನ್ನು ಉದ್ದೇಶದಲ್ಲಿ ಹುಡುಕೋಣವೆಂದರೆ ಅದು ಸಿಕ್ಕುವಂತಿಲ್ಲ. ದೆಹಲಿಯಲ್ಲಿ ಕೆಲವರಿಗೆ ಪ್ರಜೆಗಳ ವಿಮೋಚನೆ ಮುಖ್ಯವಾಗಿದ್ದಿತು, ಕೆಲವರಿಗೆ ನಕ್ಷೆಯ ಅಖಂಡತೆ. ಶಿಬಿರದ ತರುಣರಲ್ಲಿಯೂ ಸ್ವಾತಂತ್ರ್ಯದ ಆದರ್ಶದೊಂದಿಗೆ, ಸುಟ್ಟ ಮನೆಗೆ ಪ್ರತೀಕಾರವನ್ನು ತೀರಿಸುವ ತವಕವೂ ಬೆರೆತಿದ್ದಿರಬೇಕು, ಅದು ಮನುಷ್ಯ ಸಹಜ. ಗುಪ್ತತೆಯನ್ನೇ ದೋಷದ ಲಕ್ಷಣವೆಂದು ಹೇಳೋಣವೇ? ಹಾಗೆಂದರೆ ಶಿಬಿರದವರೂ ರಾತ್ರಿಯ ಮರೆಯಲ್ಲಿಯೇ ಬಂದವರು. ಅದೇ ವರ್ಷ ಸಿಡ್ನಿ ಕಾಟನ್ ಎಂಬ ವೈಮಾನಿಕನು ಕರಾಚಿಯಿಂದ ಹೈದರಾಬಾದಿಗೆ ಕತ್ತಲೆಯಲ್ಲಿ ಶಸ್ತ್ರಗಳನ್ನು ಸಾಗಿಸಿದುದನ್ನು ಖಂಡಿಸುವ ನಾವು, ಮುಂಡರಗಿಯ ಕತ್ತಲೆಯನ್ನು ಏತಕ್ಕೆ ಮನ್ನಿಸುತ್ತೇವೆ? ನನಗೆ ತೋರುವ ಮಟ್ಟಿಗೆ ಭೇದವಿರುವುದು ಇಲ್ಲಿ: ಶಿಬಿರದವರು ಅಡಗಿಕೊಂಡದ್ದು ಆಳುವವನ ಪೊಲೀಸರಿಂದ, ಊರಿನ ಜನರಿಂದಲ್ಲ. ಬಂದವರು ಯಾರ ಮಕ್ಕಳು, ಯಾರ ಅನ್ನವನ್ನುಂಡವರು, ಏನನ್ನು ಕೇಳುತ್ತಾರೆ ಎಂಬುದು ಯಲಬುರ್ಗಾದ ಹಳ್ಳಿಗನಿಗೆ ಚೆನ್ನಾಗಿ ಗೊತ್ತಿದ್ದಿತು. ಅವರಿಗೆ ರೊಟ್ಟಿಯನ್ನು ಕೊಡುವುದೋ ಬಾಗಿಲನ್ನು ಮುಚ್ಚುವುದೋ ಎಂಬುದನ್ನು ಅವನೇ ತೂಗಿ ನಿಶ್ಚಯಿಸಿದನು. ಕರಾಚಿಯ ವಿಮಾನದ ವಿಷಯದಲ್ಲಿ ಅವನ ನಿಶ್ಚಯಕ್ಕೆ ಎಡೆಯೇ ಇರಲಿಲ್ಲ. ಆದಕಾರಣ ಕೇಳತಕ್ಕ ಪ್ರಶ್ನೆ ಹೊರಗಿನವರು ಏನನ್ನು ಬಯಸಿದರೆಂಬುದಲ್ಲ, ಗೆರೆಯ ಯಾವ ಕಡೆಯಿಂದ ಬಂದರೆಂಬುದೂ ಅಲ್ಲ; ತೀರ್ಮಾನಿಸುವ ಹಕ್ಕುಳ್ಳವನಿಂದ ಅದನ್ನು ಮರೆಮಾಡಲಾಯಿತೇ ಎಂಬುದು.

ಹಾಗೆ ತೂಗುವ ಶಕ್ತಿ ಆ ಹಳ್ಳಿಗನಿಗೆ ಇದ್ದಿತೆಂಬುದಕ್ಕೆ ನಾಲ್ಕು ವರ್ಷಗಳಲ್ಲಿಯೇ ಪ್ರಮಾಣ ದೊರಕಿತು. 1952ರಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದ ಮತದಾರರು, ವಯಸ್ಕ ಮತದಾನದ ಹಕ್ಕನ್ನು ಮೊತ್ತಮೊದಲು ಚಲಾಯಿಸಿದವರು, ದೇಶಕ್ಕೆ ದೇಶವೇ ಕಾಂಗ್ರೆಸ್ಸಿನ ಕಡೆಗೆ ವಾಲಿದ್ದ ಕಾಲದಲ್ಲಿ, ಪಕ್ಷೇತರರಾಗಿ ನಿಂತಿದ್ದ ಅದೇ ಶಿವಮೂರ್ತಿಸ್ವಾಮಿಗಳನ್ನು ಗೆಲ್ಲಿಸಿ ಕಳುಹಿಸಿದರು. ತಮ್ಮನ್ನು ನಿಜಾಮನ ಆಳಿಕೆಯಿಂದ ಬಿಡಿಸಿದ ಸರ್ಕಾರದ ಪಕ್ಷಕ್ಕೆ ಋಣವನ್ನು ಮತದ ರೂಪದಲ್ಲಿ ತೀರಿಸಬೇಕೆಂದು ಅವರಿಗೆ ಅನ್ನಿಸಲಿಲ್ಲ. 1957ರಲ್ಲಿ ಅದೇ ಜನ ಕಾಂಗ್ರೆಸ್ಸಿಗೆ ಒಲಿದರು. 1962ರಲ್ಲಿ ಮತ್ತೆ ಸ್ವಾಮಿಗಳನ್ನು ಆರಿಸಿದರು. ಫಲಿತಾಂಶ ತಮಗೆ ಪ್ರತಿಕೂಲವಾದಾಗಲೆಲ್ಲ ಹೊರಗಿನವರು ಜನರನ್ನು ಕುಣಿಸಿದರೆಂದು ಹೇಳುವ ನಾಯಕರು ಈ ಪುಟಗಳನ್ನು ಒಮ್ಮೆ ತಿರುವಿಹಾಕುವುದು ಲೇಸು. ಡಾಲರಿನ ಚರ್ಚೆ ಕಾವೇರಿದ್ದ ಆ ಫೆಬ್ರವರಿಯಲ್ಲಿಯೇ, 24ರಂದು, ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಗವಿಮಠದ ಸ್ವಾಮಿಗಳೊಡನೆ ಕೊಪ್ಪಳದ ಬೀದಿಗಿಳಿದ ಜನಸ್ತೋಮಕ್ಕೆ, ನಿಮ್ಮ ಹೆಜ್ಜೆಯನ್ನು ಬೇರೆ ಯಾರೋ ಇಡಿಸುತ್ತಿದ್ದಾರೆಂದು ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ದಿನವೂ ಮನೆಯ ಮಾಳಿಗೆಯ ಮೇಲೆ ಕರಿಧೂಳನ್ನು ಗುಡಿಸುವವರಿಗೆ ಪರೋಪದೇಶವೇನೂ ಬೇಕಾಗಿರಲಿಲ್ಲ.

ಅದೇ ಗವಿಮಠದ ಬೆಟ್ಟದ ಮೇಲೆಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ದೂರದ ಪಾಟಲಿಪುತ್ರದ ಅರಸನು, ಇಲ್ಲಿಯವರದಲ್ಲದ ಪ್ರಾಕೃತದಲ್ಲಿ, ಇಲ್ಲಿಯ ಜನ ಹೇಗೆ ನಡೆಯಬೇಕೆಂಬುದನ್ನು ಬರೆಸಿದ್ದಕ್ಕಿಂತ ದೊಡ್ಡ ಹೊರಗಿನ ಪ್ರಭಾವ ಬೇರೆ ಯಾವುದಿದೆ? ಆದರೆ ಅದನ್ನು ಬಂಡೆಯ ಮೇಲೆ ಕೊರೆಯಿಸಿದನು. ಹೋಗಿ ಬರುವವರೆಲ್ಲ ನೋಡಬಹುದಾಗಿದ್ದಿತು, ಓದಬಲ್ಲವನಿಂದ ಓದಿಸಿ ಕೇಳಬಹುದಾಗಿದ್ದಿತು, ಒಪ್ಪದೆ ಮುಂದೆ ಹೋಗಬಹುದಾಗಿದ್ದಿತು. ಹೊರಗಿನಿಂದ ಬಂದ ಮಾತೆಲ್ಲ ಮಲಿನವೆಂದರೆ ನಮ್ಮ ಸಂವಿಧಾನದ ಅರ್ಧ ಭಾಗವನ್ನೇ ನಾವು ಹಿಂದಿರುಗಿಸಬೇಕಾದೀತು.

ಉದ್ದೇಶವಿಲ್ಲದೆಯೂ ಪ್ರಭಾವವುಂಟೆಂಬುದು ಉದ್ದೇಶವಾದಿಗಳು ಮರೆಯುವ ಮತ್ತೊಂದು ಸಂಗತಿ. ಈ ಶತಮಾನದ ಮೊದಲ ದಶಕದಲ್ಲಿ ಚೀನದ ಕುಲುಮೆಗಳು ಕಬ್ಬಿಣದ ಅದಿರಿಗಾಗಿ ಬಾಯ್ದೆರೆದಾಗ, ತುಂಗಭದ್ರೆಯ ಆಚೆಯ ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಗುಡ್ಡಗಳು ಲಾರಿಗಳನ್ನೇರಿ ಬೇಲೆಕೇರಿಯ ಬಂದರನ್ನು ಸೇರಿದವು. ಅದರಲ್ಲಿ ಎಷ್ಟೋ ಪಾಲು ಅಕ್ರಮವೆಂಬುದನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ಜುಲೈ ತಿಂಗಳ ವರದಿ ಬಯಲಿಗೆಳೆಯಿತು, ಮುಖ್ಯಮಂತ್ರಿಯೊಬ್ಬರ ಪದವಿಯೂ ಅದರಿಂದ ಹೋಯಿತು. ಗಣಿಯ ಹಣವು ನದಿಯ ಈಚೆಗೂ ಬಂದು ಚುನಾವಣೆಗಳ ಲಕ್ಷಣವನ್ನು ಬದಲಾಯಿಸಿತೆಂಬುದು ಗಂಗಾವತಿಯಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಬೀಜಿಂಗಿನ ಯಾವ ಅಧಿಕಾರಿಯೂ ಕರ್ನಾಟಕದಲ್ಲಿ ಯಾರು ಗೆಲ್ಲಬೇಕೆಂದು ಚಿಂತಿಸಿದವನಲ್ಲ; ಅವನಿಗೆ ಬೇಕಾದದ್ದು ಅದಿರು. ಇಲ್ಲಿ ಉದ್ದೇಶವನ್ನು ಹುಡುಕುವವನಿಗೆ ಏನೂ ದೊರೆಯುವುದಿಲ್ಲ, ಪರಿಣಾಮವೋ ಕಣ್ಣಿಗೆ ರಾಚುವಷ್ಟಿದೆ. ಮರೆಮಾಡಿದವರು ಯಾರೆಂದು ಕೇಳಿದಾಗ ಮಾತ್ರ ಉತ್ತರ ಸಿಕ್ಕುತ್ತದೆ, ಮತ್ತು ಅದು ಕನ್ನಡದಲ್ಲಿಯೇ ಸಿಕ್ಕುತ್ತದೆ.

ಹಾಗೆಂದು ಪರರ ಗುಪ್ತ ಪ್ರಚಾರವನ್ನು ನಾನು ಕ್ಷುಲ್ಲಕವೆಂದು ತಳ್ಳಿಹಾಕುತ್ತಿಲ್ಲ. ನಮ್ಮ ಕ್ಷೇತ್ರದ ಜನ 2024ರ ಮೇ 7ರಂದು ಮತ ಹಾಕಿದ ಅದೇ ತಿಂಗಳು, ಇಸ್ರೇಲಿನ ಖಾಸಗಿ ಸಂಸ್ಥೆಯೊಂದು ಕೃತಕ ಬುದ್ಧಿಯಿಂದ ಹೆಣೆದ ಟೀಕೆ ಟಿಪ್ಪಣಿಗಳನ್ನು, ಆಳುವ ಪಕ್ಷಕ್ಕೆ ವಿರುದ್ಧವಾಗಿ, ಭಾರತೀಯರ ನಡುವೆ ಹರಡಲು ತೊಡಗಿದ್ದಿತೆಂದು ಓಪನ್‌ಎಐ ಸಂಸ್ಥೆ ಪ್ರಕಟಿಸಿತು. ಅದನ್ನು ಬೇಗನೆ ತಡೆಯಲಾಯಿತು, ಅದರ ಫಲವೂ ಅತ್ಯಲ್ಪ. ಆದರೂ ಇಲ್ಲದ ಮನುಷ್ಯನ ಹೆಸರಿನಲ್ಲಿ ಮಾತಾಡುವುದು ಕೇಳುವವನಿಗೆ ಮಾಡುವ ಮೋಸವೇ. ಅದೇ ಮೇ ತಿಂಗಳಲ್ಲಿ ರಷ್ಯದ ವಿದೇಶಾಂಗ ವಕ್ತಾರರು ನಮ್ಮ ಚುನಾವಣೆಯಲ್ಲಿ ಅಮೆರಿಕ ಕೈಹಾಕುತ್ತಿದೆಯೆಂದರು. ಕೆನಡದ ವಿಚಾರಣಾ ಆಯೋಗವು 2025ರ ಜನವರಿಯಲ್ಲಿ ಭಾರತವೇ ಅವರ ಚುನಾವಣೆಗಳಲ್ಲಿ ಕೈಹಾಕುವ ದೇಶಗಳಲ್ಲಿ ಎರಡನೆಯದೆಂದಿತು, ನಮ್ಮ ಸರ್ಕಾರ ಅದನ್ನು ಅಲ್ಲಗಳೆಯಿತು. ಆ ದಿನ ನಮ್ಮಲ್ಲಿ ಅನೇಕರು ಉದ್ದೇಶವನ್ನು ವಿಚಾರಿಸಲು ಅಷ್ಟೇನೂ ಉತ್ಸಾಹವನ್ನು ತೋರಿಸದಿದ್ದುದು ಗಮನಿಸತಕ್ಕ ವಿಷಯ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನು ಗದ್ದೆಗೆ ನೀರು ಬರದಿದ್ದಾಗ, ಮೇಲ್ಭಾಗದಲ್ಲಿ ಪಂಪು ಹೂಡಿದವನ ಅಂತರಂಗವನ್ನು ಶೋಧಿಸುವುದಿಲ್ಲ. ಯಾವ ಮೈಲಿಯಲ್ಲಿ ಗೇಜು ಎಷ್ಟಿದೆಯೆಂದು ಕೇಳುತ್ತಾನೆ. ಹಣದ ವಿಷಯದಲ್ಲಿ ಆ ಗೇಜನ್ನು ಕಿತ್ತವರು ಪರದೇಶದವರಲ್ಲ. ವಿದೇಶೀ ದೇಣಿಗೆಯನ್ನು ಪಕ್ಷಗಳೂ ಅಭ್ಯರ್ಥಿಗಳೂ ಪಡೆಯಕೂಡದೆಂದು 1976ರಲ್ಲಿ ಶಾಸನವಾಯಿತು. ವೇದಾಂತ ಸಮೂಹದ ಕಂಪನಿಗಳಿಂದ ದೇಣಿಗೆ ಪಡೆದು ಕಾಂಗ್ರೆಸ್ಸೂ ಭಾರತೀಯ ಜನತಾ ಪಕ್ಷವೂ ಆ ಶಾಸನವನ್ನು ಮೀರಿದವೆಂದು 2014ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಹೇಳಿತು. ಆಗ ಮಾಡಿದ್ದೇನು? 2016ರ ಹಣಕಾಸು ಶಾಸನದಲ್ಲಿ ವಿದೇಶೀ ಮೂಲವೆಂಬುದರ ವ್ಯಾಖ್ಯೆಯನ್ನೇ ಸಡಿಲಿಸಿ, 2018ರಲ್ಲಿ ಅದನ್ನು 1976ರಿಂದಲೇ ಪೂರ್ವಾನ್ವಯವಾಗಿ ಜಾರಿಗೆ ತಂದು, ಹಿಂದಿನ ಅಪರಾಧವನ್ನು ಅಪರಾಧವೇ ಅಲ್ಲವೆಂದು ಮಾಡಿದರು; ಲೋಕಸಭೆಯಲ್ಲಿ ಅದರ ಮೇಲೆ ಚರ್ಚೆಯೂ ನಡೆಯಲಿಲ್ಲ. ಪರಹಸ್ತದ ಹೆಸರೆತ್ತಿದರೆ ಮೇಜನ್ನು ಕುಟ್ಟುವ ಎರಡು ಕಡೆಯವರಿಗೂ ಅದು ಅನುಕೂಲವೇ ಆಗಿದ್ದಿತು. ದಾನಿಯ ಹೆಸರನ್ನು ಮತದಾರನಿಂದ ಮರೆಮಾಡುತ್ತಿದ್ದ ಚುನಾವಣಾ ಬಾಂಡುಗಳು 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ರದ್ದಾದವು, ಆದರೆ 2018ರ ಆ ತಿದ್ದುಪಡಿ ತನ್ನ ಕೆಲಸವನ್ನು ಆಗಲೇ ಮುಗಿಸಿದ್ದಿತು.

ಇನ್ನು ಹತ್ತಿರದ ಕೈಗಳ ವಿಷಯ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಷ್ಟಗಿ, ಯಲಬುರ್ಗಾಗಳಿಂದ ಮಂಗಳೂರಿಗೂ ಗೋವೆಗೂ ಬೆಂಗಳೂರಿಗೂ ಗುಳೆ ಹೋದವರನ್ನು ಮತದಾನದ ಹಿಂದಿನ ರಾತ್ರಿ ಊರಿಗೆ ಕರೆತರಲು ವಾಹನಗಳು ಹೋಗುವುದನ್ನು ಎಲ್ಲರೂ ಬಲ್ಲರು. ಬಾಡಿಗೆ ತೆತ್ತವರಾರೆಂದು ಹತ್ತಿ ಕುಳಿತವನಿಗೆ ಗೊತ್ತು, ಅವನು ಅದನ್ನು ಲೆಕ್ಕಕ್ಕೆ ಹಿಡಿದೇ ಗುಂಡಿಯೊತ್ತುತ್ತಾನೆ, ಎಷ್ಟೋ ಸಲ ಬಾಡಿಗೆ ಕೊಟ್ಟವನಿಗೆ ವಿರುದ್ಧವಾಗಿ. ಅವನಿಗೆ ತಿಳಿಯದಿರುವುದು ಆ ಬಾಡಿಗೆಯ ಹಣ ಹಿಂದಿನ ಯಾವ ಕೈಯಿಂದ ಬಂದಿತೆಂಬುದು. ಆ ಎರಡನೆಯ ಕೈ ಪಕ್ಕದ ಗಿಣಿಗೇರಿಯದಾಗಿರಲಿ, ಮುಂಬಯಿಯದಾಗಿರಲಿ, ನ್ಯೂಯಾರ್ಕಿನದಾಗಿರಲಿ, ಅವನ ಮಟ್ಟಿಗೆ ಅಷ್ಟೂ ಪರಕೀಯವೇ. ಪರದೇಶದ ಹಣಕ್ಕೆ ಇಲ್ಲಿ ಒಂದು ವಿಶೇಷ ದೋಷವುಂಟೆಂಬುದನ್ನು ಒಪ್ಪುತ್ತೇನೆ: ಗಿಣಿಗೇರಿಯವನನ್ನು ನಮ್ಮ ನ್ಯಾಯಾಲಯಕ್ಕೆ ಎಳೆಯಬಹುದು, ಅನ್ಯರಾಷ್ಟ್ರದ ಗುಪ್ತಚರನನ್ನು ಎಳೆಯಲಾಗದು. ಆದರೆ ಅವನಿಂದ ಪಡೆದವನು ಇಲ್ಲಿಯವನೇ ಆಗಿರುತ್ತಾನೆ. ಅವನನ್ನು ಎಳೆಯುವುದಕ್ಕೆ ಯಾವ ರಾಯಭಾರ ಕಚೇರಿಯ ಅನುಮತಿಯೂ ಬೇಕಾಗಿಲ್ಲ.

ಆದುದರಿಂದ ನಮ್ಮ ಸಂಸದರು, ಅವರು ಯಾವ ಪಕ್ಷದವರೇ ಆಗಿರಲಿ, ವಾಷಿಂಗ್ಟನ್ನಿನ ಮನಸ್ಸಿನಲ್ಲಿ ಏನಿದ್ದಿತೆಂದು ಮುಂದಿನ ಸಲ ಪ್ರಶ್ನೆ ಕೇಳುವುದಕ್ಕೆ ಬದಲು, 1967ರ ಆ ಗುಪ್ತಚರ ವರದಿಯನ್ನು ಸದನದ ಮೇಜಿನ ಮೇಲಿಡಬೇಕೆಂದು ಕೇಳುವುದು ಹೆಚ್ಚು ಉಪಯುಕ್ತವಾದ ಕೆಲಸ. ಅದರಲ್ಲಿ ಹೆಸರಿಸಲ್ಪಟ್ಟಿದ್ದಿರಬಹುದಾದವರಲ್ಲಿ ಬಹುಮಂದಿ ಈಗ ತೀರಿಕೊಂಡಿರುತ್ತಾರೆ, ಕೊಟ್ಟ ಎರಡು ಸಾಮ್ರಾಜ್ಯಗಳಲ್ಲಿ ಒಂದು ಭೂಪಟದಲ್ಲಿಯೇ ಇಲ್ಲ. ಅಂದು ಮತ ಹಾಕಿದ ಮುದುಕರು ಮಾತ್ರ ಕುಷ್ಟಗಿಯ ಹಳ್ಳಿಗಳಲ್ಲಿ ಇನ್ನೂ ಕೆಲವರು ಉಳಿದಿದ್ದಾರೆ, ಮತ್ತು ಆ ವರದಿ ಅವರ ಚುನಾವಣೆಯನ್ನು ಕುರಿತದ್ದು.