ಬಿದ್ದ ಗರ ಯಾರದು?

ಹಳೇ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಲ್ಲಿ 72 ಮನೆ ಬರೆದುಕೊಂಡು ಮೂರು ತಿಂಗಳಾಯಿತು. ಪರಮಪದದ ಪಟವನ್ನು ಚೌಕಾಬಾರದ ಕವಡೆಗೆ ಹೊಂದಿಸಿ ಮೊಮ್ಮಕ್ಕಳಿಗೊಂದು ಆಟ ಕಟ್ಟಬೇಕೆಂಬ ಆಸೆ. ಮೈಸೂರಿನವರಿಗೆ ಇದು ಹೊಸ ಹುಚ್ಚಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು.

ಮೊದಲ ಭಾನುವಾರವೇ ಮೊಮ್ಮಗಳ ಕಾಯಿ ಅಸೂಯೆಯ ಹಾವಿನ ಬಾಯಿಗೆ ಬಿತ್ತು. “ಅಜ್ಜಿ, ನಾನು ಯಾರನ್ನ ನೋಡಿ ಹೊಟ್ಟೆಕಿಚ್ಚು ಪಟ್ಟೆ? ಕವಡೆ ಬಿದ್ದಿದ್ದಕ್ಕೆ ನಾನ್ಯಾಕೆ ಇಳೀಬೇಕು?” ಎಂದಳು. ಉತ್ತರ ಹೊಳೆಯಲಿಲ್ಲ.

ರಾತ್ರಿ ಲೆಕ್ಕ ಹಾಕುತ್ತ ಕೂತೆ. ನಾಲ್ಕು ಕವಡೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಆರು ಬಗೆಗೆ ಗರ ಎರಡೇ. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಕವಡೆಯ ಬೆನ್ನು ಉಬ್ಬಿರುವುದರಿಂದ ಈ ಲೆಕ್ಕವೂ ಪೂರ್ತಿ ನಿಲ್ಲುವುದಿಲ್ಲ, ಆದರೂ ಹೆಚ್ಚಾಗಿ ಬೀಳುವುದು ಎರಡು. ಆ ಹಾವನ್ನು ನಾನು ಬರೆದದ್ದು ಏಣಿಯ ತುದಿಯಿಂದ ಸರಿಯಾಗಿ ಎರಡು ಮನೆ ಆಚೆ. ಮಗುವನ್ನು ಬೀಳಿಸಿದ್ದು ಕವಡೆಯಲ್ಲ, ನಾನು.

ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದಾಗಿ ದೈವ. ನನ್ನ ಪಟದಲ್ಲಿ ಆ ಐದನೆಯದೊಂದೇ ಆಡುತ್ತಿತ್ತು. ಕರ್ತೃವಿಗೆ ಜಾಗವೇ ಇರಲಿಲ್ಲ. ಮಾಡದ ಪಾಪಕ್ಕೆ ಶಿಕ್ಷೆ ಕೊಟ್ಟು ಅದನ್ನು ಕರ್ಮ ಎಂದು ಕರೆದರೆ ಮಕ್ಕಳು ಕಲಿಯುವುದು ಧರ್ಮವನ್ನಲ್ಲ, ಭಯವನ್ನು.

ಒಬ್ಬೊಬ್ಬರಿಗೆ ಎರಡು ಕಾಯಿ ಕೊಟ್ಟೆ, ಯಾವುದನ್ನು ನಡೆಸುವುದೆಂಬುದು ಅವರವರ ಇಷ್ಟ. ಎಲ್ಲರೂ ಹಾವು ತಪ್ಪಿಸಿ ನಡೆದರು. ಅಸೂಯೆ ರಸ್ತೆಯ ಗುಂಡಿಯಂತಾಯಿತು, ಅಷ್ಟೇ. ಆಗ ದಾನದ ಮನೆಯ ನಿಯಮ ಬದಲಿಸಿದೆ: ಅಲ್ಲಿರುವವರು ತಮಗೆ ಬಿದ್ದ ಗರವನ್ನು ಎದುರಾಳಿಗೆ ಕೊಟ್ಟರೆ ಮಾತ್ರ ಏಣಿ ಹತ್ತಬಹುದು. ಇದು ಸರಿಹೋಯಿತೆಂದು ಹಿಗ್ಗಿದೆ. ಎರಡೇ ಆಟದಲ್ಲಿ ಗುಟ್ಟು ತಿಳಿಯಿತು. ಬಾರ ಬಿದ್ದರೆ ಎಲ್ಲರೂ ಇಟ್ಟುಕೊಳ್ಳುತ್ತಿದ್ದರು, ಒಂದು ಬಿದ್ದರೆ ಕೈಯೆತ್ತಿ ಕೊಡುತ್ತಿದ್ದರು. ಏಣಿ ಸಿಗುತ್ತದೆಂದು ಕೊಟ್ಟದ್ದು ದಾನ ಹೇಗಾಗುತ್ತದೆ? ಅದು ವ್ಯಾಪಾರ.

ಹೋದ ವಾರ ಮೊಮ್ಮಗ ಹಾವಿನ ಬಾಲದ ಹತ್ತಿರವೇ ಸುತ್ತುತ್ತ ಅಳುಮುಖ ಮಾಡಿದ್ದ. ಅಕ್ಕನಿಗೆ ಬಾರ ಬಿತ್ತು. ಅವಳ ಕಾಯಿ ದಾನದ ಮನೆಯ ಹತ್ತಿರವೂ ಇರಲಿಲ್ಲ. “ಎಂಟು ನೀನೇ ನಡಿಯೋ” ಎಂದು ಕವಡೆಯನ್ನು ಅವನ ಕಡೆ ತಳ್ಳಿದಳು. ಪಕ್ಕದ ಮನೆಯವರು ನನ್ನತ್ತ ನೋಡಿ, “ಹಾಗೆ ಕೊಡಬಹುದೇನಮ್ಮ, ನಿಯಮ ಇದೆಯೇ?” ಎಂದರು.

ಇರಲಿಲ್ಲ. ಆ ರಾತ್ರಿ ಬರೆದೆ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾರಿಗೆ ಬೇಕಾದರೂ ಗರ ಕೊಡಬಹುದು. ದಾನದ ಮನೆಯ ಏಣಿಯನ್ನು ರಬ್ಬರಿನಿಂದ ಉಜ್ಜಿದೆ, ಕಾಗದ ಸ್ವಲ್ಪ ಹರಿಯಿತು. ಏಣಿಯೇ ಇಲ್ಲದ ಮೇಲೆ ಯಾರು ಕೊಡುತ್ತಾರೆ ಎನ್ನುವುದು ಪಕ್ಕದ ಮನೆಯವರ ಪ್ರಶ್ನೆ. ಈ ಭಾನುವಾರ ಆಡುತ್ತೇವೆ.