ಕತೆ ಯಾರದು, ಸಾಲ ಯಾರದು?

ಹಳೇ ವಿಶ್ವವಿದ್ಯಾಲಯ, ಧೂಳು ಹಿಡಿದ ಗ್ರಂಥಭಂಡಾರ, ಪ್ರೊಫೆಸರುಗಳ ಹೊಟ್ಟೆಕಿಚ್ಚು, ನಡುವೆ ಒಂದು ಕೊಲೆ ಇಲ್ಲವೇ ಮಾಯಾಮಂತ್ರ. ಇಂಥ ಇಂಗ್ಲಿಷ್ ಕಾದಂಬರಿಗಳನ್ನು 'ಡಾರ್ಕ್ ಅಕಾಡೆಮಿಯಾ' ಅಂತ ಕರೀತಾರೆ. ಕೆನಡಾದ ಹೆದರ್ ಫಾಸೆಟ್ ಅವರ 'ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೋಪೀಡಿಯಾ ಆಫ್ ಫೇರೀಸ್' (2023) ಈ ಸಾಲಿನದೇ, ಕತ್ತಲು ಮಾತ್ರ ಕೊಂಚ ತೆಳು. ಅದನ್ನು ಓದಿದ ಮೇಲೆ ನಮ್ಮನ್ನು ಕಾಡಿದ್ದು ಮಂತ್ರವಲ್ಲ, ಒಂದು ನೀತಿಯ ಪ್ರಶ್ನೆ: ಜನರ ಕತೆಯನ್ನು ಎತ್ತಿಕೊಂಡವರು ಆ ಜನಕ್ಕೆ ತೀರಿಸಬೇಕಾದ ಸಾಲ ಏನು?

ಕತೆ ನಡೆಯುವುದು 1909ರಲ್ಲಿ. ಕೇಂಬ್ರಿಜ್‌ನ ಪ್ರೊಫೆಸರ್ ಎಮಿಲಿ, ಲ್ಯೋಸ್‌ಲ್ಯಾಂಡ್ ಅನ್ನೋ ಕಲ್ಪಿತ ಹಿಮನಾಡಿನ ಹಳ್ಳಿಗೆ ಹೋಗುತ್ತಾಳೆ. ಅಲ್ಲಿನ ಕಿನ್ನರರ ಬಗ್ಗೆ ಮಾಹಿತಿ ಕೂಡಿಸಿ ವಿಶ್ವಕೋಶ ಬರೆಯಬೇಕು. ಅವಳಿಗೆ ಪುಸ್ತಕ ಗೊತ್ತು, ಜನ ಗೊತ್ತಿಲ್ಲ. ಬಂದ ಹೊಸತರಲ್ಲೇ ಹಳ್ಳಿಯ ಯಜಮಾನಿಯ ಮನಸ್ಸು ನೋಯಿಸುತ್ತಾಳೆ; ಸೌದೆ ಒಡೆಯಲೂ ಬಾರದೆ ಪೇಚಾಡುತ್ತಾಳೆ. ವಿದ್ಯೆಯ ಜಂಬವನ್ನು ಲೇಖಕಿ ಹೀಗೆ ನಗುನಗುತ್ತಲೇ ಇಳಿಸುತ್ತಾರೆ. ಪ್ರೊಫೆಸರೇ ಕಿನ್ನರರ ಬಲೆಗೆ ಬಿದ್ದಾಗ ನೆರವಿಗೆ ಬರುವವರು ಅದೇ ಹಳ್ಳಿಗರು. ಇದು ಕಾದಂಬರಿಯ ಶಕ್ತಿ, ಒಪ್ಪುತ್ತೇವೆ.

ಕೊರತೆ ಎರಡು. ಮೊದಲನೆಯದು, ಕತೆ ಕೊಟ್ಟವರು ಊರಿನವರು. ವಿಶ್ವಕೋಶದ ಮೇಲಿನ ಹೆಸರು ಪ್ರೊಫೆಸರಳದು. ಕಾದಂಬರಿಯೂ ಅವಳ ದಿನಚರಿಯ ರೂಪದಲ್ಲಿರುವುದರಿಂದ ಹಳ್ಳಿಯನ್ನು ಅವಳ ಕಣ್ಣಲ್ಲೇ ನೋಡಬೇಕು. ಇದು ನಮಗೆ ದೂರದ ಮಾತಲ್ಲ. ಮಂಟೇಸ್ವಾಮಿ ಕತೆಯನ್ನು ತಂಬೂರಿ ಹಿಡಿದು ತಲೆಮಾರುಗಳಿಂದ ಹಾಡಿ ಉಳಿಸಿದವರು ನೀಲಗಾರರು. ಅದನ್ನು ಟೇಪಿಗೆ ಹಿಡಿದವನಿಗೆ ಡಾಕ್ಟರೇಟ್ ಸಿಕ್ಕರೆ, ಹಾಡಿದವನಿಗೆ ಸಿಕ್ಕಿದ್ದೇನು ಸ್ವಾಮಿ?

ಎರಡನೆಯದು ಇನ್ನೂ ಭಾರ. ಕಿನ್ನರರು ಮನುಷ್ಯರ ಕೂಸನ್ನು ಕದ್ದು ತಮ್ಮದನ್ನು ಬಿಟ್ಟುಹೋಗ್ತಾರೆ ಅನ್ನೋದು ಯುರೋಪಿನ ಹಳೇ ನಂಬಿಕೆ. ಕಾದಂಬರಿಯಲ್ಲಿ ಆ 'ಬದಲಿ' ಕೂಸು ನಿಜವಾಗಿಯೂ ಕಿನ್ನರರದೇ. ಇತಿಹಾಸದಲ್ಲಿ ಹಾಗಿರಲಿಲ್ಲ. 1895ರಲ್ಲಿ ಐರ್ಲೆಂಡಿನ ಟಿಪ್ಪರರಿ ಪ್ರಾಂತ್ಯದಲ್ಲಿ ಕಾಯಿಲೆ ಬಿದ್ದಿದ್ದ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸನ್ನು, ಇವಳು ತನ್ನ ಹೆಂಡತಿಯಲ್ಲ, ಕಿನ್ನರರು ಇಟ್ಟುಹೋದ ಬದಲಿ ಎಂದು ಗಂಡನೇ ಸುಟ್ಟ. ಕಾದಂಬರಿಯ ಕಾಲಕ್ಕಿಂತ ಬರೀ 14 ವರ್ಷ ಹಿಂದೆ! ಕಲ್ಪನೆಗೆ ನಮ್ಮ ಅಡ್ಡಿಯಿಲ್ಲ. ಆದರೆ ನಂಬಿಕೆಯ ಸೊಬಗನ್ನಷ್ಟೇ ಎತ್ತಿಕೊಂಡು, ಅದು ಸುಟ್ಟ ಮೈಯನ್ನು ಅಲ್ಲೇ ಬಿಟ್ಟರೆ ಕತೆ ಅರ್ಧ ಸುಳ್ಳಾಗುತ್ತದೆ. ಭಾನಾಮತಿ ಮಾಡ್ತಾಳೆ ಅಂತ ಬಡ ಹೆಂಗಸರನ್ನು ಹಿಡಿದು ಹೊಡೆದ ನೆಲದವರಾದ ನಮಗೆ ಇದು ಕಾಣದೆ ಇರದು.

ಜನಪದ ಅಂದರೆ ಬರೀ ಚೆಂದವಲ್ಲ ಗೆಳೆಯರೇ. ಅದರಲ್ಲಿ ನಮ್ಮವರ ವಿವೇಕವಿದೆ, ಭಯವಿದೆ, ನಮ್ಮನ್ನು ತುಳಿದ ಕಾಲೂ ಇದೆ. ಇಂಥ ಕಾದಂಬರಿ ಓದಿ, ಸಂತೋಷಪಡಿ. ಆದರೆ ಮಕ್ಕಳಿಂದ ಅಜ್ಜಿಯ ಕತೆ ಬರೆಸುವ ಹಳ್ಳಿಯ ಮೇಷ್ಟರು, ಮೊದಲು ಕತೆ ಹೇಳಿದವಳ ಹೆಸರು ಬರೆಸಲಿ. ಆಮೇಲೆ, ಈ ಕತೆಯಿಂದ ನೊಂದವರು ಯಾರು ಅಂತ ಕೇಳಲಿ. ಸಾಲ ತೀರಿಸೋದು ಅಲ್ಲಿಂದಲೇ ಶುರು.